ಮೇಜರ್ ಸಾಹೇಬರ ಅರ್ಧ ಗಂಟೆ

ನನ್ನ ಷಡ್ಡಕನನ್ನು ಊರೆಲ್ಲ ಮೇಜರ್ ಎಂದು ಕರೆಯುತ್ತದೆ. ಅವನು ಮೇಜರ್ ಅಲ್ಲ. ಈ ಸಂಗತಿ ನನಗೆ ಗೊತ್ತು, ಅವನ ಹೆಂಡತಿಗೆ ಗೊತ್ತು, ಆಕೆಯ ತಂಗಿಯಾದ ನನ್ನ ಹೆಂಡತಿಗೆ ಗೊತ್ತು. ಆ ಅಕ್ಕತಂಗಿಯರಿಗೆ ಗೊತ್ತಿದ್ದೂ ಬೀದಿಗೆ ಗೊತ್ತಾಗದೆ ಉಳಿದ ಸಂಗತಿ ಪ್ರಪಂಚದಲ್ಲಿ ಇದೊಂದೇ ಇರಬೇಕು.

ಅವನು ಸೈನ್ಯದಲ್ಲಿ ಇದ್ದದ್ದು ಸುಳ್ಳಲ್ಲ. ಆದರೆ ಇದ್ದದ್ದು ಮೊದಲು ಉಗ್ರಾಣದಲ್ಲಿ, ಆಮೇಲೆ ಅಡುಗೆಮನೆಯಲ್ಲಿ. ಅವನು ಮುಖಾಮುಖಿ ಕಂಡ ಶತ್ರುಗಳೆಂದರೆ ಇಲಿ ಮತ್ತು ನುಸಿ. ತಾನು ಮೇಜರ್ ಎಂದು ಅವನೆಂದೂ ಬಾಯಿಬಿಟ್ಟು ಹೇಳಿದವನಲ್ಲ. ಎಲ್ಲ ಅವನ ಮೀಸೆಯ ತಪ್ಪು. ನಿವೃತ್ತನಾಗಿ ಬಂದ ಹೊಸದರಲ್ಲಿ ಕ್ಷೌರದಂಗಡಿಗೆ ಹೋಗಿ ಕೂತಾಗ, ಕ್ಷೌರಿಕ ಆ ಮೀಸೆಯನ್ನು ಕಂಡು ಭಕ್ತಿಯಿಂದ, "ಮೇಜರ್ ಸಾಹೇಬ್ರೇ, ತುದಿ ಇನ್ನೂ ಸ್ವಲ್ಪ ಚೂಪು ಮಾಡ್ಲಾ?" ಎಂದು ಕೇಳಿದ. ಇವನು "ಹೂಂ" ಎಂದ. ಹೂಂ ಎಂದದ್ದು ಮೀಸೆಯ ತುದಿಗೆ, ಪದವಿಗಲ್ಲ ಎಂದು ಅವನು ಇವತ್ತಿಗೂ ವಾದಿಸುತ್ತಾನೆ. ಸಂಜೆಯೊಳಗೆ ಹಾಲಿನವನು, ಪೇಪರಿನವನು, ಔಷಧಿ ಅಂಗಡಿಯವನು ಎಲ್ಲರೂ ಮೇಜರ್ ಎನ್ನತೊಡಗಿದ್ದರು.

ಪದವಿ ಬಂದ ಮೇಲೆ ಅದಕ್ಕೊಂದು ಕಥೆ ಬೇಡವೇ? ಹಿಮ ಬೀಳುವ ಗಡಿಯಲ್ಲಿ ಮೂರು ರಾತ್ರಿ ರೆಪ್ಪೆಗೆ ರೆಪ್ಪೆ ತಾಗಿಸದೆ ಕಾವಲು ಕಾದ ಕಥೆಯನ್ನು ಅವನು ಹೇಳುತ್ತಿದ್ದ. ಏನನ್ನು ಕಾದ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ತಾನಾಗಿ ಹೇಳುವ ಚಪಲ ಅವನಿಗೂ ಇರಲಿಲ್ಲ. ನಮ್ಮ ಮನೆಯಲ್ಲಂತೂ ಆ ಕಥೆ ನನ್ನ ಪ್ರಾಣ ಹಿಂಡಿತು. ನಾನು ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿ ನಿವೃತ್ತನಾದವನು. ಊಟವಾದ ಮೇಲೆ ನಾನು ಒಂಚೂರು ಒರಗಿದರೆ ಸಾಕು, ಅಡುಗೆಮನೆಯಿಂದ ಬಾಣ ಬರುತ್ತಿತ್ತು: "ಭಾವನ್ನ ನೋಡಿ ಕಲೀರಿ. ಮೂರು ರಾತ್ರಿ ಎದ್ದಿದ್ರಂತೆ. ನಿಮಗೆ ಮೂರು ಗಂಟೆ ಎದ್ದಿರೋಕಾಗಲ್ಲ." ಉಗ್ರಾಣದ ಗುಟ್ಟು ತಿಳಿದವಳೇ ಹೀಗನ್ನುತ್ತಿದ್ದಳು. ನನ್ನನ್ನು ಅಳೆಯುವುದಕ್ಕೆ ಸುಳ್ಳು ಮೇಜರ್ ಆದರೂ ಸಾಕು ಎಂಬುದು ಅವಳ ಎಣಿಕೆ.

ಸುಮ್ಮನೆ ಕೂರಲಾರದ ಮೇಜರ್ ಒಂದು ಸೇವಾಸಂಸ್ಥೆ ಸೇರಿದ. ಸಮಾರಂಭಗಳಲ್ಲಿ, ಹೋಟೆಲುಗಳಲ್ಲಿ, ಬೇಕರಿಗಳಲ್ಲಿ ಯಾರೂ ಮುಟ್ಟದೆ ಉಳಿದ ಆಹಾರ ತೊಟ್ಟಿಗೆ ಬೀಳುವ ಮೊದಲೇ ಎತ್ತಿಕೊಂಡು ಹೋಗಿ, ಊರಾಚೆಯ ವೃದ್ಧರ ಆಶ್ರಯಮನೆಗೆ ಮುಟ್ಟಿಸುವುದು ಅವರ ಕೆಲಸ. ಒಂದು ವ್ಯಾನು, ಒಬ್ಬ ಡ್ರೈವರ್, ಮೇಲೊಬ್ಬ ಮೇಜರ್. "ನೀವೂ ಹೋಗಿ, ಮನೇಲಿ ಒನಕೆ ಥರ ಯಾಕೆ ಮೂಲೆಗೆ ಒರಗಿರ್ತೀರಿ" ಎಂದು ನನ್ನ ಹೆಂಡತಿ ನನ್ನನ್ನೂ ದಬ್ಬಿದಳು. ಪಾತ್ರೆ ಎತ್ತುವುದಕ್ಕೆ ಒಬ್ಬ ಷಡ್ಡಕ ಸಿಕ್ಕಂತಾಯಿತು.

ಸಂಸ್ಥೆಯಲ್ಲಿ ಮೇಜರ್ ಜಾರಿಗೆ ತಂದ ಮಹಾನಿಯಮವೆಂದರೆ ಅರ್ಧ ಗಂಟೆಯ ನಿಯಮ. ಸೈನ್ಯದಲ್ಲಿ ಜವಾನರಿಗೆ ಬಡಿಸುವ ಮುಂಚೆ ಅವನು ಪ್ರತಿ ಪಾತ್ರೆಯಿಂದ ಒಂದೊಂದು ಚಮಚ ತಿಂದು ಅರ್ಧ ಗಂಟೆ ಕೂರುತ್ತಿದ್ದನಂತೆ. ಕೂತವನು ಕೂತಂತೆಯೇ ಇದ್ದರೆ ಊಟದ ಗಂಟೆ. ಇಲ್ಲಿಯೂ ಅದೇ. ವ್ಯಾನಿನಲ್ಲಿ ಅವನಿಗೆಂದೇ ಕಬ್ಬಿಣದ ಸ್ಟೂಲು ಇತ್ತು. ಅದರ ಮೇಲೆ ಬೆನ್ನು ನೆಟ್ಟಗೆ ಮಾಡಿ, ಮೀಸೆ ಮುಂದಕ್ಕೆ ಮಾಡಿ ಕೂರುತ್ತಿದ್ದ. ಡ್ರೈವರನ ಕೊರಳಿಗೆ ಒಂದು ಸೀಟಿ ಕಟ್ಟಿ ಆಜ್ಞೆ ಕೊಟ್ಟಿದ್ದ: "ಅರ್ಧ ಗಂಟೆ ಒಳಗೆ ನನ್ನ ಕಣ್ಣು ಮುಚ್ತು ಅಂದ್ರೆ ನನ್ನ ಮುಟ್ಟಬೇಡ, ಮಾತಾಡಿಸಬೇಡ. ಮೊದಲು ಸೀಟಿ ಊದು, ಅನ್ನ ತಡಿ. ನಾನೊಬ್ಬ ಹೋದ್ರೆ ಹೋದೆ, ತಿನ್ನೋರು ಉಳೀಬೇಕು." ಡ್ರೈವರ್ ಈ ಮಾತಿಗೆ ಕಣ್ಣೊರೆಸಿಕೊಂಡಿದ್ದ. ಅವನು ಹೇಳಿದ್ದನ್ನು ಹೇಳಿದಂತೆ ಮಾಡುವ ಮನುಷ್ಯ. ಎಡಕ್ಕೆ ತಿರುಗಿಸು ಎಂದರೆ ರಸ್ತೆ ಇದೆಯೋ ಇಲ್ಲವೋ ಎಂದು ನೋಡುವವನಲ್ಲ.

ಹೀಗಿರುವಾಗ ಪೇಟೆಬೀದಿಯಲ್ಲಿ ಮೂರಂತಸ್ತಿನ ಹೊಸ ಪೀಠೋಪಕರಣದ ಅಂಗಡಿ ಶುರುವಾಯಿತು. ಧಣಿ ಊರಿಗೆಲ್ಲ ಮಧ್ಯಾಹ್ನದ ಊಟ ಹಾಕಿಸಿದ. ಮಂಚಗಳ ನಡುವೆ ಮೇಜು, ಕಪಾಟುಗಳ ನಡುವೆ ಊಟ, ಮೂಲೆಯಲ್ಲಿ ಕಿವಿ ಕಿತ್ತುಹೋಗುವಂತೆ ಹಾಡು. ಅಡುಗೆ ಗುತ್ತಿಗೆ ಹಿಡಿದವಳು ಒಬ್ಬ ವಿಧವೆ. ಅಲ್ಲಿಯವರೆಗೆ ಮನೆಮನೆಗೆ ಬುತ್ತಿ ಕೊಟ್ಟುಕೊಂಡಿದ್ದವಳು. ಇಷ್ಟು ದೊಡ್ಡ ಕೆಲಸ ಅದೇ ಮೊದಲು. ಹಿತ್ತಿಲಲ್ಲಿ ಖಾಲಿಯಾದ ಪಾತ್ರೆಗಳನ್ನು ನನಗೆ ತೋರಿಸುತ್ತಾ, "ಎಲ್ಲರೂ ಕೇಳಿ ಕೇಳಿ ಹಾಕಿಸ್ಕೊಂಡ್ರು ಅಣ್ಣಾ. ಇವತ್ತೊಂದಿನ ಹೆಸರು ನಿಂತ್ರೆ ಇನ್ನು ನನ್ನ ಒಲೆ ಆರಲ್ಲ" ಎಂದಳು. ಅವಳ ಮುಖದ ಆ ಬೆಳಕು ನೋಡಿ ನನಗೂ ಖುಷಿಯಾಯಿತು.

ಒಳಗೆ ಮೇಜರ್ ಅಡುಗೆ ಉಳಿದಿದ್ದ ಪಾತ್ರೆಯಿಂದ ಪಾತ್ರೆಗೆ ಚಮಚ ಹಿಡಿದು ನಡೆದ. ಅನ್ನ, ಬೇಳೆ, ಆಲೂಗೆಡ್ಡೆ, ಕೋಳಿ, ಎರಡು ಬಗೆಯ ಕಸ್ಟರ್ಡು. ಕಸ್ಟರ್ಡಿನ ವಿಷಯದಲ್ಲಿ ಅನುಮಾನ ಬಂದದ್ದರಿಂದ ಮತ್ತೆ ಮತ್ತೆ ಪರೀಕ್ಷಿಸಿದ. ಆಮೇಲೆ ಸ್ಟೂಲು ತರಿಸಲು ಹೊರಟಾಗ ಧಣಿ ಅಡ್ಡ ಬಂದು ಕೈಮುಗಿದ.

"ಮೇಜರ್ ಸಾಹೇಬ್ರು ನನ್ನ ಅಂಗಡೀಲಿ ಕಬ್ಬಿಣದ ಸ್ಟೂಲ್ ಮೇಲೆ ಕೂತ್ರೆ ನನ್ನ ಮಾನ ಏನಾಗ್ಬೇಕು? ಇಲ್ಲಿ ಕೂತ್ಕೊಳಿ."

ಅದು ಅಂಗಡಿಯ ಅತ್ಯಂತ ದುಬಾರಿ ಒರಗುಕುರ್ಚಿ. ಗುಂಡಿ ಒತ್ತಿದರೆ ಬೆನ್ನು ಹಿಂದಕ್ಕೆ, ಕಾಲು ಮೇಲಕ್ಕೆ, ಸೊಂಟಕ್ಕೆ ಸಣ್ಣಗೆ ನಡುಕ. ಮೇಜರ್ ಬೇಡ ಬೇಡ ಎನ್ನುತ್ತಲೇ ಕೂತ. ಧಣಿ ಗುಂಡಿ ಒತ್ತಿಯೇ ಹೋದ.

ಹಿತ್ತಿಲಲ್ಲಿದ್ದ ನನಗೆ ಕೇಳಿಸಿದ್ದು ಸೀಟಿ. ಒಂದಲ್ಲ, ಉಸಿರು ಕಟ್ಟುವವರೆಗೂ ಊದಿದ ಉದ್ದನೆಯ ಸೀಟಿ. ಅದರ ಬೆನ್ನಿಗೇ ಡ್ರೈವರನ ಕೂಗು: "ಯಾರೂ ತಿನ್ಬೇಡಿ! ಮೇಜರ್ ಸಾಹೇಬ್ರು ಕಣ್ಣು ಮುಚ್ಚಿದ್ರು! ಅನ್ನದಲ್ಲಿ ವಿಷ!"

ನಾನು ಓಡಿಬಂದಾಗ ಒರಗುಕುರ್ಚಿಯ ಸುತ್ತ ಜನದ ಕೋಟೆ. ಒಬ್ಬಾಕೆಯ ಕೈಯಲ್ಲಿದ್ದ ಐಸ್‌ಕ್ರೀಮು ನೆಲಕ್ಕೆ ಬಿತ್ತು. ಡಾಕ್ಟರ್ ಡಾಕ್ಟರ್ ಎಂದು ಕೂಗಿದಾಗ ಅತಿಥಿಗಳಲ್ಲಿದ್ದ ಹಲ್ಲಿನ ಡಾಕ್ಟರ್ ಮುಂದೆ ಬಂದು, ತಮಗೆ ತಿಳಿದ ಜಾಗದಿಂದಲೇ ಪರೀಕ್ಷೆ ಶುರುಮಾಡಿದರು. ಬಾಯಿ ತೆರೆದು ನೋಡಿ, "ಕೆಳಗಿನ ದವಡೇಲಿ ಒಂದು ತೂತಿದೆ" ಎಂದು ಗಂಭೀರವಾಗಿ ಹೇಳಿದರು. ಹೆಂಗಸರು ಅಯ್ಯೋ ಎಂದರು. ಅಷ್ಟರಲ್ಲಿ ಯಾರೋ ಪುಣ್ಯಾತ್ಮ ಒಂದು ಜಗ್ಗು ನೀರನ್ನು ಮೇಜರನ ಮುಖಕ್ಕೆ ಎರಚಿದ.

ಮೇಜರ್ ಕಣ್ಣು ತೆರೆದ. ಆ ಕಣ್ಣನ್ನು ಕಂಡದ್ದೇ ನನಗೆ ಎಲ್ಲ ಅರ್ಥವಾಯಿತು. ಕುಟುಂಬದ ಎಷ್ಟೋ ಸಮಾರಂಭಗಳಲ್ಲಿ, ಎಷ್ಟೋ ಬಸ್ಸುಗಳಲ್ಲಿ, ಒಮ್ಮೆ ನಮ್ಮ ಮಾವನ ಅಂತ್ಯಕ್ರಿಯೆಯಲ್ಲೂ ನಾನು ಆ ಕಣ್ಣನ್ನು ನೋಡಿದ್ದೆ. ಸೊಗಸಾಗಿ ನಿದ್ದೆ ಹೊಡೆದು ಎದ್ದವನ ಕಣ್ಣು ಅದು. "ಸ್ವಲ್ಪ ತೂಕಡಿಸಿದೆ" ಎಂದು ಅವನು ಆಗಲೇ ಹೇಳಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲು ಬಾಯಿಯನ್ನೂ ತೆರೆದ. ಆದರೆ ಕ್ಷೌರಿಕ, ಅವನೂ ಅಲ್ಲೇ ಇದ್ದ ದುರಾತ್ಮ, ಜನರತ್ತ ತಿರುಗಿ ಗದ್ಗದನಾಗಿ ಹೇಳಿದ:

"ಮೂರು ರಾತ್ರಿ ಹಿಮದಲ್ಲಿ ರೆಪ್ಪೆ ಮುಚ್ಚದ ಮನುಷ್ಯ ಕಣ್ರೀ ಇವರು! ಇವರ ಕಣ್ಣು ಮುಚ್ಚಿಸಿದೆ ಅಂದ್ರೆ ಅದು ಸಾಮಾನ್ಯ ವಿಷ ಅಲ್ಲ!"

ಮೇಜರ್ ತೆರೆದ ಬಾಯಿ ಮುಚ್ಚಿದ. ಸುತ್ತ ನೋಡಿದ. ಆಮೇಲೆ ಸಣ್ಣ ಧ್ವನಿಯಲ್ಲಿ, "ಸ್ವಲ್ಪ... ತಲೆ ಸುತ್ತು ಬಂದಂಗಾಯ್ತು" ಎಂದ.

ಅದೇ ಸಾಕಾಯಿತು. ಮೇಜರ್ ಸಾಹೇಬರಿಗೇ ತಲೆ ಸುತ್ತಿದ ಮೇಲೆ ಬೇರೆಯವರ ತಲೆ ಸುಮ್ಮನಿರುವುದು ಅಗೌರವವಲ್ಲವೇ? ಮೊದಲು ಧಣಿಯ ಅತ್ತೆಗೆ ಹೊಟ್ಟೆಯಲ್ಲಿ ಏನೋ ಹರಿದಾಡಿತು. ಆಕೆ ಅಂಗಡಿಯಲ್ಲೇ ಒಳ್ಳೆಯ ಜೋಡಿಮಂಚವನ್ನು ಆರಿಸಿಕೊಂಡು ಮಲಗಿ, ಮಗಳನ್ನು ಕರೆದು ಕೊನೆಯ ಮಾತುಗಳನ್ನು ಶುರುಮಾಡಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಉರುಳಿದರು. ಮಂಚಗಳು ತುಂಬಿದವು, ಸೋಫಾಗಳು ತುಂಬಿದವು, ಜಾಗ ಸಿಗದವರು ಮೇಲಿನ ಅಂತಸ್ತಿಗೆ ಮೆಟ್ಟಿಲು ಹತ್ತಿಕೊಂಡು ಹೋಗಿ ನರಳಿದರು. ಧಣಿ ಮಾತ್ರ, "ಪ್ಲಾಸ್ಟಿಕ್ ಕವರ್ ತೆಗೀಬೇಡಿ, ಕವರ್ ಮೇಲೇ ಮಲಗಿ" ಎಂದು ಬೇಡಿಕೊಳ್ಳುತ್ತಾ ಓಡಾಡುತ್ತಿದ್ದ.

ಆಹಾರ ತಪಾಸಣೆಯ ಅಧಿಕಾರಿಯನ್ನು ದೂರದಿಂದ ಕರೆಸುವ ಅಗತ್ಯವಿರಲಿಲ್ಲ. ಅವರು ಅತಿಥಿಯಾಗಿ ಬಂದು, ಕೋಳಿಯನ್ನು ಎರಡು ಸಲ ಹಾಕಿಸಿಕೊಂಡು, ಹಿಂದಿನ ಸಾಲಿನಲ್ಲಿ ಕೂತಿದ್ದರು. ಗಲಾಟೆ ಕೇಳಿ ಎದ್ದು ಕೈ ತೊಳೆದು, ಹಿಂಬಾಗಿಲಿನಿಂದ ಹೊರಗೆ ಹೋಗಿ, ಮುಂಬಾಗಿಲಿನಿಂದ ಅಧಿಕಾರಿಯಾಗಿ ಒಳಗೆ ಬಂದರು. ಒಂದು ಕೈ ಹೊಟ್ಟೆಯ ಮೇಲಿತ್ತು.

"ಈ ಅಡುಗೆ ಮಾಡಿದ್ದು ಯಾರು?"

ಅಡುಗೆಯಮ್ಮ ಮುಂದೆ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ. "ನಾನು ಸಾಹೇಬ್ರೇ. ಇದೇ ಅನ್ನ ನನ್ನ ಮಗಳಿಗೂ ಹಾಕಿದೀನಿ. ನೋಡಿ, ನಿಮ್ಮೆದುರೇ ತಿಂತೀನಿ" ಎಂದು ಸೌಟು ತೆಗೆದುಕೊಂಡು ಒಂದೊಂದು ಪಾತ್ರೆಯಿಂದಲೂ ಬಾಯಿ ತುಂಬ ತಿಂದಳು. ಜನ ಉಸಿರು ಬಿಗಿಹಿಡಿದು ನೋಡಿದರು. ಆಕೆಗೆ ಏನೂ ಆಗಲಿಲ್ಲ.

"ಇದು ನಡೆಯಲ್ಲ," ಎಂದರು ಅಧಿಕಾರಿ. "ಅಡುಗೆಯವರಿಗೆ ತಮ್ಮ ಅಡುಗೆ ಅಭ್ಯಾಸ ಆಗಿರುತ್ತೆ. ಎಲ್ಲಾನೂ ಗುಂಡಿಗೆ ಸುರೀರಿ. ಈಯಮ್ಮನ ಅಡುಗೆಮನೆಗೆ ಇವತ್ತೇ ಬೀಗ."

ಅವಳು ಅಳಲಿಲ್ಲ. ದೊಡ್ಡ ಅನ್ನದ ಪಾತ್ರೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತಳು, ಮಗುವನ್ನು ಕಿತ್ತುಕೊಳ್ಳಲು ಬಂದವರ ಎದುರು ನಿಂತಂತೆ. ನಾನು ಮೇಜರನ ಪಕ್ಕಕ್ಕೆ ಹೋಗಿ ಬಗ್ಗಿ ಕಿವಿಯಲ್ಲಿ ಕೇಳಿದೆ: "ನಿದ್ದೆ ತಾನೆ?"

"ಮೆತ್ತಗೆ ಮಾತಾಡು. ಸೈನ್ಯದಲ್ಲಿ ಕರ್ತವ್ಯದ ಮೇಲೆ ನಿದ್ದೆ ಮಾಡಿದವನಿಗೆ ಏನು ಶಿಕ್ಷೆ ಗೊತ್ತಾ?"

"ಒರಗುಕುರ್ಚೀಲಿ ಕೂತವನಿಗೂ ಅದೇನಾ?"

"ಊರೆಲ್ಲ ನಗುತ್ತೆ ಕಣೋ."

"ನಗಲಿ. ಅವಳ ಒಲೆ ಆರುತ್ತೆ ಭಾವ."

ಷಡ್ಡಕನನ್ನು ಭಾವ ಎನ್ನುವ ಪದ್ಧತಿ ನನ್ನಲ್ಲಿಲ್ಲ, ಬಾಯಿತಪ್ಪಿ ಬಂತು. ಮೇಜರ್ ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಅನ್ನದ ಪಾತ್ರೆಯನ್ನು ನೋಡಿದ. ಡ್ರೈವರ್ ಆಗಲೇ ಪಾತ್ರೆಯ ಒಂದು ಕಿವಿ ಹಿಡಿದು ಎಳೆಯುತ್ತಿದ್ದ. ಮೇಜರ್ ಒರಗುಕುರ್ಚಿಯಿಂದ ಏಳಲು ಹೋದ. ಅದು ಬಿಡಲಿಲ್ಲ. ಮತ್ತೊಮ್ಮೆ ಎದ್ದ, ಮತ್ತೊಮ್ಮೆ ಮಲಗಿಸಿತು. ಕೊನೆಗೆ ಉರುಳಿ ನೆಲಕ್ಕೆ ಬಿದ್ದು ಎದ್ದುನಿಂತು, ಕವಾಯತಿನ ಧ್ವನಿಯಲ್ಲಿ ಕೂಗಿದ:

"ನಿಲ್ಲಿಸಿ! ಅನ್ನ ಸರಿಯಾಗಿದೆ. ನಾನು ನಿದ್ದೆ ಮಾಡಿದೆ!"

ಕ್ಷೌರಿಕ ಬಿಕ್ಕಿದ.

"ನೋಡಿದ್ರಾ? ಆಯಮ್ಮನ್ನ ಉಳಿಸೋಕೆ ತನ್ನ ಹೆಸರನ್ನೇ ಬಲಿ ಕೊಡ್ತಿದಾರೆ! ಮೇಜರ್ ಸಾಹೇಬ್ರು ನಿದ್ದೆ ಮಾಡೋದಾ? ಸೂರ್ಯ ಪಡುವಣದಲ್ಲಿ ಹುಟ್ಟೋದಾ?"

ಜನ ಚಪ್ಪಾಳೆ ತಟ್ಟಿದರು. ಮಂಚದ ಮೇಲಿದ್ದವರೂ ಮಲಗಿಕೊಂಡೇ ತಟ್ಟಿದರು. ಮೇಜರ್‌ಗೆ ರೇಗಿತು. "ನಾನು ಮೇಜರೇ ಅಲ್ಲ!" ಎಂದು ಕಿರುಚಿದ. "ಉಗ್ರಾಣದವನು! ಮೂರು ರಾತ್ರಿ ಕಾದಿದ್ದು ಆಲೂಗೆಡ್ಡೆ ಮೂಟೇನ! ಅದೂ ಇಲಿ ಬರದ ಹಾಗೆ!"

ಅಧಿಕಾರಿ ವಿಷಾದದಿಂದ ತಲೆಯಾಡಿಸಿದರು. "ವಿಷ ಮಿದುಳಿಗೆ ಏರಿದೆ. ಸ್ವಂತ ಪದವೀನೇ ಮರೀತಿದಾರೆ."

ಹತ್ತು ವರ್ಷ ಅವನು ಹೇಳದೇ ಇದ್ದ ಸುಳ್ಳನ್ನು ಜಗತ್ತು ನಂಬಿತ್ತು. ಒಂದೇ ಒಂದು ಸಲ ನಿಜ ಹೇಳಿದ್ದಕ್ಕೆ ಅದು ರೋಗವಾಯಿತು. ಹಲ್ಲಿನ ಡಾಕ್ಟರ್ ಮತ್ತೆ ಬಾಯಿ ತೆರೆಸಲು ಹತ್ತಿರ ಬಂದರು.

ಆ ಹೊತ್ತಿಗೆ ಬಾಗಿಲಿನಲ್ಲಿ ಗಲಾಟೆಯಾಯಿತು. ಮೇಜರ್ ವಿಷ ತಿಂದ ಎಂಬ ಸುದ್ದಿ ಮನೆಗೆ ಮುಟ್ಟಿ, ಅಕ್ಕತಂಗಿಯರಿಬ್ಬರೂ ಒಂದೇ ಆಟೋದಲ್ಲಿ ಬಂದಿಳಿದಿದ್ದರು. ಅಕ್ಕನವರು ಅಳುತ್ತಲೇ ಒಳಗೆ ನುಗ್ಗಿ, ಗಂಡನ ಎದುರು ನಿಂತು, ಒದ್ದೆ ಮೀಸೆ ನೋಡಿ, ಕಣ್ಣು ನೋಡಿ, ಅಳು ನಿಲ್ಲಿಸಿದರು.

"ಏನ್ರೀ, ಮಲಗಿದ್ರಾ?"

"ಹೂಂ" ಎಂದ ಮೇಜರ್.

"ಕಸ್ಟರ್ಡ್ ತಿಂದ್ರಾ?"

"ಹೂಂ."

ಅಕ್ಕನವರು ಅಧಿಕಾರಿಯ ಕಡೆ ತಿರುಗಿದರು. "ಈ ಮನುಷ್ಯ ಕಸ್ಟರ್ಡ್ ತಿಂದು ಮೆತ್ತನೆ ಜಾಗದಲ್ಲಿ ಕೂತ್ರೆ ಮಲಗ್ದೆ ಇನ್ನೇನು ಹಾಡು ಹೇಳ್ತಾರಾ? ನಮ್ಮ ಮದುವೆ ಫೋಟೋದಲ್ಲೇ ಕಣ್ಣು ಮುಚ್ಚಿದೆ, ಮನೆಗೆ ಬನ್ನಿ ತೋರಿಸ್ತೀನಿ."

"ಹೆಂಡತಿ ಮಾತು ಸಾಕ್ಷಿ ಆಗಲ್ಲಮ್ಮ."

"ಹಾಗಾದ್ರೆ ಇನ್ನೊಂದು ಸಲ ತಿನ್ನಿಸಿ, ಅದೇ ಕುರ್ಚೀಲಿ ಕೂರ್ಸಿ. ನಿಮ್ಮ ಕಣ್ಣಲ್ಲೇ ನೋಡಿ. ಅಷ್ಟರವರೆಗೂ ಆ ಅನ್ನದ ಪಾತ್ರೆ ಯಾರಾದ್ರೂ ಮುಟ್ಟಿದ್ರೆ ನಾನು ಸುಮ್ನಿರಲ್ಲ."

ಅಧಿಕಾರಿ ಒಪ್ಪಿದರು, ಒಪ್ಪದೆ ಗತಿಯಿರಲಿಲ್ಲ. ಹಾಡು ನಿಲ್ಲಿಸಲಾಯಿತು. ಮೇಜರ್ ಮತ್ತೆ ಎಲ್ಲ ಪಾತ್ರೆಯಿಂದ ತಿಂದು ಒರಗುಕುರ್ಚಿಯಲ್ಲಿ ಕೂತ. ಧಣಿ ಗುಂಡಿ ಒತ್ತಿದ. ಊರಿಗೆ ಊರೇ ಸುತ್ತ ಕವಿದು ಕೂತಿತು. ಅಡುಗೆಯಮ್ಮ ಪಾತ್ರೆ ತಬ್ಬಿಕೊಂಡು ಅವನ ರೆಪ್ಪೆಗಳನ್ನೇ ನೋಡುತ್ತಿದ್ದಳು. ಅವಳ ಬದುಕು ಆಗ ನಿಂತಿದ್ದದ್ದು ಆ ಎರಡು ರೆಪ್ಪೆಗಳ ಮೇಲೆ.

ಆದರೆ ನಿದ್ದೆ ಬರಲಿಲ್ಲ! ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಮಲಗುವ ಭೂಪನಿಗೆ, ಮಲಗಲೇಬೇಕಾದ ಹೊತ್ತಿಗೆ ನಿದ್ದೆ ಕೈಕೊಟ್ಟಿತು. ಕಣ್ಣು ಮುಚ್ಚಿದ, ತೆರೆದ, ಮಗ್ಗುಲಾದ, ಮೀಸೆ ನೀವಿಕೊಂಡ. ಕೊನೆಗೆ ಕಣ್ಣು ಮುಚ್ಚಿ ಬಾಯಿ ತೆರೆದು ಬಿದ್ದುಕೊಂಡ. ಜನ "ಹಾ" ಎಂದರು.

"ನಾಟಕ," ಎಂದರು ಅಕ್ಕನವರು. "ಕಾಲ್ಬೆರಳು ನೋಡಿ, ಸೆಟೆದುಕೊಂಡಿದೆ. ಎಚ್ಚರ ಇದಾರೆ." ಹೆಂಡತಿಯ ಮಾತು ಸಾಕ್ಷಿಯಲ್ಲ ಎಂದಿದ್ದ ಅಧಿಕಾರಿ ಈಗ ಬಗ್ಗಿ ಕಾಲ್ಬೆರಳು ಪರೀಕ್ಷಿಸಿ ಹೌದೆಂದರು. ಗಡಿಯಾರ ನೋಡಿ, "ಇನ್ನು ಕಾಯೋಕಾಗಲ್ಲ, ಸುರೀರಿ" ಎಂದರು. ಡ್ರೈವರ್ ಪಾತ್ರೆಗೆ ಕೈ ಹಾಕಿದ. ಅಡುಗೆಯಮ್ಮನ ಬಾಯಿಂದ ಮೊದಲ ಬಾರಿಗೆ ಒಂದು ಬಿಕ್ಕು ಬಂತು.

ಆಗ ಅಕ್ಕನವರು ಒಂದು ಊಟದ ಕುರ್ಚಿ ಎಳೆದುಕೊಂಡು ಗಂಡನ ತಲೆಯ ಹತ್ತಿರ ಕೂತರು. ಸೆರಗು ಸರಿಮಾಡಿಕೊಂಡು, ದಿನಾ ರಾತ್ರಿ ಮಾತಾಡುವ ಧ್ವನಿಯಲ್ಲಿ ಶುರುಮಾಡಿದರು.

"ರೀ, ಆ ಬಚ್ಚಲಮನೆ ನಲ್ಲಿ ಇನ್ನೂ ತೊಟ್ಟಿಕ್ತಾನೇ ಇದೆ. ಪ್ಲಂಬರ್‌ಗೆ ಹೇಳಿ ಅಂತ ಎಷ್ಟು ಸಲ ಹೇಳಿದೀನಿ."

"ಹೂಂ."

"ಮೇಲ್ಗಡೆಯವಳು ಇವತ್ತೂ ಒದ್ದೆ ಬಟ್ಟೆ ನಮ್ಮ ಕಿಟಕಿ ಮೇಲೇ ಒಣಗಿಸಿದಾಳೆ. ನಾನೇನೂ ಅನ್ಲಿಲ್ಲ. ಅನ್ನೋಳೂ ಅಲ್ಲ ಅನ್ನಿ. ಆದ್ರೂ ಒಂದು ಮಾತು ಅಂದೆ. ಅದಕ್ಕವಳು ಏನಂದ್ಳು ಗೊತ್ತಾ?"

"ಹೂಂ..."

"ಅವಳ ನಾದಿನಿ ಮಗಳಿಗೆ ಆ ಬಟ್ಟೆ ಅಂಗಡಿಯವರ ಕಡೆ ಗಂಡು ನೋಡ್ತಿದಾರಂತೆ. ಆ ಹುಡುಗನ ಚಿಕ್ಕಮ್ಮ ಇಲ್ವಾ, ಅವಳು ನಮ್ಮ ದೊಡ್ಡತ್ತೆಗೆ ಯಾವುದೋ ಕಡೆಯಿಂದ ಸಂಬಂಧ ಆಗ್ಬೇಕು. ಹೇಗೆ ಅಂದ್ರೆ..."

"ಹೂ..."

ದೊಡ್ಡತ್ತೆಯ ಸಂಬಂಧ ಎಲ್ಲಿಗೆ ಮುಟ್ಟಿತೋ ತಿಳಿಯಲಿಲ್ಲ. ಮೇಜರನ ಕಾಲ್ಬೆರಳು ಸಡಿಲವಾಯಿತು. ಮೀಸೆಯ ಎಡತುದಿ ಒಮ್ಮೆ ಅಲುಗಿತು. ಆಮೇಲೆ ಅವನ ಎದೆಯಾಳದಿಂದ ಒಂದು ಸದ್ದು ಹೊರಟಿತು. ಮೊದಲು ಮಂಚ ಎಳೆದಂತೆ, ಆಮೇಲೆ ಕಪಾಟು ಎಳೆದಂತೆ, ಆಮೇಲೆ ಇಡೀ ಅಂಗಡಿಯನ್ನೇ ಎಳೆದಂತೆ. ಗಾಜಿನ ಕಪಾಟಿನೊಳಗಿನ ಲೋಟಗಳು ಸಣ್ಣಗೆ ಕಣಕಣ ಎಂದವು. ಮಧ್ಯಾಹ್ನ ಹಾಡಿನ ಅಬ್ಬರದಲ್ಲಿ ಯಾರಿಗೂ ಕೇಳಿಸದೇ ಹೋದ ಗೊರಕೆ ಅದು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಧಣಿಯ ಅತ್ತೆ ಕೊನೆಯ ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದು ಕೂತು, "ಐಸ್‌ಕ್ರೀಮ್ ಉಳಿದಿದೆಯಾ?" ಎಂದು ಕೇಳಿದರು. ಮೇಲಿನ ಅಂತಸ್ತಿನ ರೋಗಿಗಳೂ ಇಳಿದು ಬಂದರು. ಅಧಿಕಾರಿ ಹೊಟ್ಟೆಯ ಮೇಲಿನ ಕೈ ತೆಗೆದು, "ನನಗೆ ಮೊದಲೇ ಅನ್ನಿಸಿತ್ತು" ಎಂದು ಯಾರಿಗೂ ಕೇಳಿಸದಂತೆ ಹೇಳಿದರು. ಅಡುಗೆಯಮ್ಮ ಪಾತ್ರೆ ಬಿಟ್ಟು, ಮಲಗಿದ್ದವನಿಗೇ ಕೈಮುಗಿದಳು. ಅಕ್ಕನವರು ಮಾತ್ರ ಜನರ ಚಪ್ಪಾಳೆ ನೋಡಿ ನಿಟ್ಟುಸಿರುಬಿಟ್ಟರು: "ಇಷ್ಟು ವರ್ಷ ಒಬ್ಬಳೇ ಕೇಳ್ದೆ, ಒಂದಿನ ಯಾರೂ ನನಗೆ ಚಪ್ಪಾಳೆ ತಟ್ಟಲಿಲ್ಲ."

ಆ ಸಂಜೆ ಆಶ್ರಯಮನೆಯ ವೃದ್ಧರು ಕಸ್ಟರ್ಡಿನ ಪಾತ್ರೆಯನ್ನು ತೊಳೆಯುವ ಅಗತ್ಯ ಉಳಿಸಲಿಲ್ಲ. ಧಣಿಯ ಅಂಗಡಿಯಲ್ಲಿದ್ದ ಒರಗುಕುರ್ಚಿಗಳಷ್ಟೂ ಮಾರಾಟವಾದವು. ಮೊದಲನೆಯದನ್ನು ಕೊಂಡವರು ಆಹಾರ ತಪಾಸಣೆಯ ಅಧಿಕಾರಿ. ಮಾರನೆಯ ದಿನ ನನ್ನ ಷಡ್ಡಕ ಕ್ಷೌರದಂಗಡಿಗೆ ಹೋಗಿ, ತಾನು ಮೇಜರ್ ಅಲ್ಲ, ಇನ್ನು ಮುಂದೆ ಹಾಗೆ ಕರೆಯಕೂಡದು ಎಂದು ಖಡಾಖಂಡಿತವಾಗಿ ಹೇಳಿದ. "ಆಯ್ತು ಮೇಜರ್ ಸಾಹೇಬ್ರೇ" ಎಂದ ಕ್ಷೌರಿಕ.

ಈಗ ಅಡುಗೆಯಮ್ಮನ ಒಲೆ ಆರುವುದೇ ಇಲ್ಲ. ಆದರೆ ಅವಳಿಗೆ ಗುತ್ತಿಗೆ ಕೊಡುವವರೆಲ್ಲ ಒಂದು ಷರತ್ತು ಹಾಕುತ್ತಾರೆ. ಸಮಾರಂಭದಲ್ಲಿ ಸಭಾಂಗಣದ ನಡುವೆ ಒಂದು ಒರಗುಕುರ್ಚಿ ಹಾಕುತ್ತಾರೆ. ಮೇಜರ್ ಎಲ್ಲ ಪಾತ್ರೆಯಿಂದ ಒಂದೊಂದು ಚಮಚ ತಿಂದು ಅದರಲ್ಲಿ ಕೂರುತ್ತಾನೆ, ಅಕ್ಕನವರು ಪಕ್ಕದಲ್ಲಿ ಕೂತು ನಲ್ಲಿಯ ವಿಷಯ ತೆಗೆಯುತ್ತಾರೆ. ಗೊರಕೆ ಬರುವವರೆಗೂ ಯಾರೂ ತಟ್ಟೆಗೆ ಕೈ ಹಾಕುವುದಿಲ್ಲ. ಗೊರಕೆ ಬಂದೊಡನೆ ಡ್ರೈವರ್ ಸೀಟಿ ಊದುತ್ತಾನೆ, ಊಟ ಶುರುವಾಗುತ್ತದೆ. ಉಳಿದದ್ದು ವ್ಯಾನು ಹತ್ತುತ್ತದೆ.

ಮೂರು ರಾತ್ರಿಯ ಕಥೆ ಸತ್ತುಹೋಯಿತು, ಇನ್ನಾದರೂ ನನಗೆ ಮನೆಯಲ್ಲಿ ನೆಮ್ಮದಿ ಎಂದುಕೊಂಡಿದ್ದೆ. ಮೊನ್ನೆ ಊಟವಾದ ಮೇಲೆ ಕಣ್ಣು ಎಳೆಯುತ್ತಿದ್ದರೂ ಮಲಗದೆ, ನೆಟ್ಟಗೆ ಕೂತು ಪೇಪರ್ ಓದುತ್ತಿದ್ದೆ. ಅಡುಗೆಮನೆಯಿಂದ ಬಾಣ ಬಂತು.

"ಭಾವನ್ನ ನೋಡಿ ಕಲೀರಿ. ನಿದ್ದೆ ಮಾಡಿ ಊರಿಗೆ ಅನ್ನ ಹಾಕ್ತಿದಾರೆ. ನೀವೂ ಇದೀರಿ, ಸುಮ್ನೆ ಎದ್ದು ಕೂತಿದೀರಿ!"